ಲಿವರ್ ಮೇಡಂ ಅವರ ಅಣ್ಣ

ಆ ದೊಡ್ಡ ಆಸ್ಪತ್ರೆಯಲ್ಲಿ ಅವನನ್ನು ಎಲ್ಲರೂ ಗಾಜಿನ ಡಾಕ್ಟರು ಎಂದೇ ಕರೆಯುತ್ತಿದ್ದರು. ಅವನು ರೋಗಿಗಳ ಮುಖ ನೋಡುತ್ತಿರಲಿಲ್ಲ. ರೋಗಿಗಳ ಮೈಯಿಂದ ತೆಗೆದ ಚೂರುಗಳು ತೆಳ್ಳನೆ ಪದರಗಳಾಗಿ, ಗಾಜಿನ ಪಟ್ಟಿಗೆ ಅಂಟಿ, ಬಣ್ಣ ಹಚ್ಚಿಸಿಕೊಂಡು ಅವನ ಮೇಜಿಗೆ ಬರುತ್ತಿದ್ದವು. ಅವನು ಮೈಕ್ರೋಸ್ಕೋಪಿಗೆ ಕಣ್ಣಿಟ್ಟು, ಇದು ಇಂಥ ರೋಗ, ಇಷ್ಟು ಬಲಿತಿದೆ ಎಂದು ಬರೆದು ಕಳಿಸುತ್ತಿದ್ದ. ಅವನ ಕೆಲಸಕ್ಕೆ ಬೆರಳು ತೋರಿಸಿದವರಿಲ್ಲ. ಆದರೂ ಹೊಸಬರಿಗೆ ಅವನನ್ನು ಪರಿಚಯಿಸುವಾಗ, "ಇವರು ನಮ್ಮ ಲಿವರ್ ಮೇಡಂ ಅವರ ಅಣ್ಣ" ಎನ್ನುತ್ತಿದ್ದರು. ಹೊಸಬರ ಮುಖ ಕೂಡಲೇ ಅರಳುತ್ತಿತ್ತು. "ಹೌದಾ! ಮೊದಲೇ ಹೇಳಬಾರದಾ ಸಾರ್!"

ಅವನೂ ನಗುತ್ತಿದ್ದ. ಆದರೆ ಆ ದಿನ ಊಟದ ಡಬ್ಬಿ ಅರ್ಧ ತುಂಬಿದ ಹಾಗೇ ಮನೆಗೆ ವಾಪಸು ಹೋಗುತ್ತಿತ್ತು. ಅವನ ಹೆಂಡತಿ ಶಾಲೆಯಲ್ಲಿ ಗಣಿತ ಹೇಳಿಕೊಡುವವಳು, ಒಂದಕ್ಕೊಂದು ಕೂಡಿಸಿ ನೋಡುವುದು ಅವಳಿಗೆ ಹುಟ್ಟುಗುಣ. ಡಬ್ಬಿಯ ಮುಚ್ಚಳ ತೆಗೆದು ನೋಡಿ, "ಇವತ್ತು ಯಾರು ಹೊಗಳಿದ್ರು ನಿಮ್ಮ ತಂಗೀನ?" ಎಂದು ಕೇಳುತ್ತಿದ್ದಳು.

"ಹೊಟ್ಟೆ ಸರಿಯಿಲ್ಲ ಅಷ್ಟೆ."

"ಅದು ಗೊತ್ತು. ಹೊಟ್ಟೆಯೊಳಗೆ ಕಿಚ್ಚಿಟ್ಕೊಂಡು ಅನ್ನ ಇಳೀಬೇಕು ಅಂದ್ರೆ ಹೇಗೆ?"

ಈ ಕಿಚ್ಚು ಆಸ್ಪತ್ರೆಯಲ್ಲಿ ಹೊತ್ತಿಕೊಂಡದ್ದಲ್ಲ. ಅವರಪ್ಪ ಗಡಿಯಾರ ರಿಪೇರಿ ಮಾಡುತ್ತಿದ್ದರು. ರಸ್ತೆಗೆ ತೆರೆದುಕೊಂಡ, ಒಬ್ಬರು ಕೂತರೆ ಇನ್ನೊಬ್ಬರು ನಿಲ್ಲಬೇಕಾದಂಥ ಅಂಗಡಿ. ಅಣ್ಣ ಹುಷಾರು. ಶಾಲೆಯಲ್ಲಿ ಕೇಳಿದ್ದಕ್ಕೆಲ್ಲ ಥಟ್ಟನೆ ಉತ್ತರ ಹೇಳುವವನು. ತಂಗಿ ಮಾತು ಕಲಿತದ್ದೇ ತಡವಾಗಿ. ಕಲಿತ ಮೇಲೆ ಬಾಯಿಗೆ ಬೀಗವೇ ಇಲ್ಲ, ಬರೀ ಪ್ರಶ್ನೆ. ಮುಳ್ಳು ಈ ಕಡೆಗೇ ಯಾಕೆ ತಿರುಗಬೇಕು? ಕೀಲಿ ಕೊಟ್ಟ ಶಕ್ತಿ ಆಮೇಲೆ ಎಲ್ಲಿಗೆ ಹೋಗುತ್ತೆ? ಅಪ್ಪ ಕಣ್ಣಿಗೆ ಸಿಕ್ಕಿಸಿಕೊಂಡ ಭೂತಗನ್ನಡಿಯನ್ನು ತೆಗೆದಿಟ್ಟು, ಅಂಗಡಿಗೆ ಬಂದ ಗಿರಾಕಿಯನ್ನೂ ಕಾಯಿಸಿ, "ನೋಡಿ ಸ್ವಾಮಿ, ನಮ್ಮ ಮಗು ಏನ್ ಕೇಳ್ತು ಅಂತ!" ಎಂದು ಹಿಗ್ಗುತ್ತಿದ್ದರು. ಅಣ್ಣ ತರಗತಿಗೆ ಮೊದಲಿಗನಾಗಿ ಬಂದರೆ, "ಭೇಷ್, ಕೈಕಾಲು ತೊಳ್ಕೊ" ಎನ್ನುತ್ತಿದ್ದರು. ಇಷ್ಟೊಂದು ಉತ್ತರ ಗೊತ್ತಿದ್ದರೂ ಯಾರೂ ಹಿಗ್ಗುವುದಿಲ್ಲವಲ್ಲ ಎಂಬುದು ಆ ಹುಡುಗನಿಗೆ ಬಿಡಿಸಲಾಗದ ಒಗಟಾಗಿತ್ತು.

ವೈದ್ಯ ಕಾಲೇಜಿಗೆ ಮೊದಲು ಸೇರಿದವನು ಅವನೇ. ರಜೆಯಲ್ಲಿ ಒಮ್ಮೆ ತಂಗಿಯನ್ನು ಪ್ರಯೋಗಾಲಯಕ್ಕೆ ಕರೆದುಕೊಂಡು ಹೋಗಿ, ಮೈಕ್ರೋಸ್ಕೋಪಿನ ಮುಂದೆ ಕೂರಿಸಿ, ಲಿವರ್ ಚೂರೊಂದನ್ನು ತೋರಿಸಿದ. ಗುಲಾಬಿ ಬಣ್ಣದ ನೆಲ, ಅದರ ತುಂಬ ಗುಂಡುಗುಂಡಾದ ಖಾಲಿ ಜಾಗಗಳು.

"ಈ ತೂತುಗಳೇನೋ ಅಣ್ಣಾ?"

"ಕೊಬ್ಬು. ಕುಡಿಯೋರ ಲಿವರ್ ಹೀಗಿರುತ್ತೆ."

"ಕುಡೀದೇ ಇರೋರದ್ದು?"

"ಅವರದ್ದು ಹೀಗಿರಲ್ಲ."

"ನೋಡಿದೀಯಾ?"

ಅವನು ನೋಡಿರಲಿಲ್ಲ. ಪುಸ್ತಕದಲ್ಲಿ ಹಾಗಿತ್ತು. "ನಿನಗೆ ಅರ್ಥ ಆಗಲ್ಲ, ಏಳು" ಎಂದು ಅವಳನ್ನು ಎಬ್ಬಿಸಿದ.

ಡಾಕ್ಟರಾದ ಮೇಲೆ ಅವನಿಗಿದ್ದ ಆಸೆ ಒಂದೇ. ಲಿವರ್ ಕಾಯಿಲೆಗಳಲ್ಲಿ ಹೆಸರಾದ ದೊಡ್ಡ ಪ್ರೊಫೆಸರೊಬ್ಬರು ಈ ಆಸ್ಪತ್ರೆಯಲ್ಲೇ ಇದ್ದರು. ಅವರ ಕೈಕೆಳಗೆ ಸಂಶೋಧನೆ ಮಾಡಬೇಕು. ಸಂದರ್ಶನಕ್ಕೆ ಹೋದ. ಕೇಳಿದ್ದಕ್ಕೆಲ್ಲ ನೀರು ಕುಡಿದ ಹಾಗೆ ಉತ್ತರಿಸಿದ. ಕೊನೆಯಲ್ಲಿ ಪ್ರೊಫೆಸರು ಕುರ್ಚಿಗೆ ಒರಗಿ, "ಸರಿಯಪ್ಪ, ಈಗ ನೀನು ನನ್ನನ್ನ ಏನಾದ್ರೂ ಕೇಳು" ಎಂದರು. ಅವನು ಕೆಲಸದ ವೇಳೆ ಎಷ್ಟರಿಂದ ಎಷ್ಟರವರೆಗೆ ಎಂದು ಕೇಳಿದ. ಪ್ರೊಫೆಸರು ಅದಕ್ಕೂ ಸೌಜನ್ಯದಿಂದಲೇ ಉತ್ತರ ಕೊಟ್ಟರು. ಜಾಗ ಕೊಡಲಿಲ್ಲ. "ಇವನ ಕಣ್ಣು ಬಂಗಾರದಂಥದ್ದು, ಮೈಕ್ರೋಸ್ಕೋಪಿಗೆ ಹೇಳಿ ಮಾಡಿಸಿದ ಹಾಗಿದಾನೆ" ಎಂದು ಪಕ್ಕದ ವಿಭಾಗಕ್ಕೆ ಶಿಫಾರಸು ಮಾಡಿದರು. ಕೆಲವು ವರ್ಷಗಳ ಮೇಲೆ ಅದೇ ಕುರ್ಚಿಯ ಮುಂದೆ ತಂಗಿ ಕೂತಳು. ಒಳಗೆ ಹೋದವಳು ಮಧ್ಯಾಹ್ನ ಕಳೆದರೂ ಹೊರಗೆ ಬರಲಿಲ್ಲ. ಬಂದಾಗ ಪ್ರೊಫೆಸರೇ ಅವಳ ಜೊತೆ ಮಾತಾಡುತ್ತ ಮೆಟ್ಟಿಲ ತನಕ ಬಂದರು. ಕಾರಿಡಾರಿನ ಬೆಂಚಿನ ಮೇಲೆ ತಂಗಿಗಾಗಿ ಕಾಯುತ್ತಿದ್ದ ಅಣ್ಣ ಅದನ್ನು ನೋಡಿದ. ಅವತ್ತಿನಿಂದ ಅವನಿಗೆ ಅವಳ ಪ್ರತಿ ಹೆಜ್ಜೆಯ ಸದ್ದೂ ಕೇಳಿಸತೊಡಗಿತು.

ತಂಗಿಯ ದಾರಿಯೇನೂ ಹೂವಿನ ಹಾಸಿಗೆಯಾಗಿರಲಿಲ್ಲ, ಅದು ಅವನಿಗೂ ಗೊತ್ತಿತ್ತು. ಹೊರರೋಗಿಗಳ ವಿಭಾಗಕ್ಕೆ ಬಟ್ಟೆ ಹೊಲಿಯುವ ಹೆಂಗಸೊಬ್ಬಳು ಬರುತ್ತಿದ್ದಳು. ಲಿವರ್ ಹಾಳಾಗಿತ್ತು. ಡಾಕ್ಟರುಗಳು ಒಬ್ಬರಾದ ಮೇಲೊಬ್ಬರು "ನಿಜ ಹೇಳಮ್ಮ, ಕುಡೀತೀಯಾ?" ಎಂದು ಕೇಳಿ ಕೇಳಿ ಆಕೆ ಗೋಡೆಗೆ ಮುಖ ಮಾಡಿ ಅಳುತ್ತಿದ್ದಳು. ತಂಗಿ ಅವಳ ಮಾತನ್ನು ನಂಬಿದಳು. ಅಂಥವರನ್ನೇ ಹುಡುಕಿ ಹುಡುಕಿ ಒಟ್ಟುಮಾಡಿದಳು: ಪೂಜಾರಿ, ಬಸ್ ಚಾಲಕ, ಮೂವರು ಮಕ್ಕಳ ತಾಯಿ. ತುಟಿಗೆ ಹನಿ ಸೋಕಿಸದವರು, ಆದರೆ ಲಿವರ್ ತುಂಬ ಕೊಬ್ಬು. ಅವಳು ಬರೆದ ಮೊದಲ ಪ್ರಬಂಧ ಹೋದಲ್ಲೆಲ್ಲ ಮುಖಕ್ಕೆ ಹೊಡೆದ ಹಾಗೆ ವಾಪಸಾಯಿತು. ರೋಗಿಗಳು ಸುಳ್ಳು ಹೇಳಿದ್ದಾರೆ, ನೀವು ನಂಬಿದ್ದೀರಿ ಎಂದು ಒಬ್ಬರು ಬರೆದಿದ್ದರು. ಆ ದಿನಗಳಲ್ಲಿ ಅಣ್ಣ ತಂಗಿಯನ್ನು ಬಹಳ ಪ್ರೀತಿಯಿಂದ ನೋಡಿಕೊಂಡ. ಮನೆಗೆ ಕರೆದು ಊಟ ಹಾಕಿಸಿದ, "ಬೇಜಾರು ಮಾಡ್ಕೋಬೇಡ ಕಣೇ" ಎಂದು ತಲೆ ಸವರಿದ. ಸೋತ ತಂಗಿ ಅಷ್ಟು ಮುದ್ದಾಗಿದ್ದಳು.

ಆಮೇಲೆ ಗಾಳಿ ತಿರುಗಿತು. ಬೇರೆ ಬೇರೆ ದೇಶಗಳಲ್ಲೂ ಅದನ್ನೇ ಕಂಡವರು ಸಿಕ್ಕರು, ಪ್ರಬಂಧ ಅಚ್ಚಾಯಿತು, ಅವಳ ಹೆಸರು ಅಡಿಟಿಪ್ಪಣಿಗಳಲ್ಲಿ ಓಡಾಡತೊಡಗಿತು. ನಲ್ಲಿ ಸೋರುವ ಒಂದು ಕೋಣೆಯ ಪ್ರಯೋಗಾಲಯ ಸಿಕ್ಕಿತು, ಆಮೇಲೆ ಸೋರದ ಎರಡು ಕೋಣೆ. ಮೊದಲು ಸಹಾಯಕ ಪ್ರಾಧ್ಯಾಪಕಿ, ನಂತರ ಪ್ರಾಧ್ಯಾಪಕಿ, ಕೊನೆಗೆ ಪ್ರೊಫೆಸರು ನಿವೃತ್ತರಾದಾಗ ಅವರದೇ ಕುರ್ಚಿ. ಅಣ್ಣ ಕಾರಿಡಾರಿನ ಆ ತುದಿಯಲ್ಲಿ, ಬಾಗಿಲು ಅರ್ಧ ಮುಚ್ಚಿಕೊಂಡು, ಯಾರು ಯಾರು ತಂಗಿಯ ಪ್ರಬಂಧವನ್ನು ಉಲ್ಲೇಖಿಸಿದ್ದಾರೆ ಎಂದು ಕಂಪ್ಯೂಟರಿನಲ್ಲಿ ಹುಡುಕುತ್ತಿದ್ದ. ಹೆಚ್ಚಾಗಿದ್ದರೆ ಕಾಫಿ ಕಹಿ. ಹೆಚ್ಚಾಗದಿದ್ದರೆ ಅದೇ ಕಾಫಿಗೆ ರುಚಿ ಬರುತ್ತಿತ್ತು.

ಎಲ್ಲಕ್ಕಿಂತ ಅವನ ಪಿತ್ತ ನೆತ್ತಿಗೇರಿಸುತ್ತಿದ್ದುದು ಅವಳ ಕೃತಜ್ಞತೆ. ಪತ್ರಿಕೆಯವರು ಬಂದು, ಲಿವರೇ ಯಾಕೆ ಮೇಡಂ ಎಂದು ಕೇಳಿದಾಗಲೆಲ್ಲ, "ನಮ್ಮಣ್ಣ ತೋರಿಸಿದ ಒಂದು ಗಾಜಿನ ಪಟ್ಟಿಯಿಂದ ಶುರುವಾಯ್ತು" ಎನ್ನುತ್ತಿದ್ದಳು. ಅಮ್ಮ ಅದನ್ನು ಕತ್ತರಿಸಿ ಗೋಡೆಗೆ ಅಂಟಿಸಿ, "ನೋಡೋ, ನಿನ್ನ ಹೆಸರೂ ಬಂದಿದೆ" ಎಂದು ಮಗನನ್ನು ಕರೆದು ತೋರಿಸಿದರು.

"ಹೆಸರೆಲ್ಲಿದೆ ಅಮ್ಮ? 'ಅಣ್ಣ' ಅಂತ ಇದೆ."

"ಮತ್ತೆ? ನೀನು ಅಣ್ಣ ಅಲ್ವೇನೋ?"

ಅವರಿಬ್ಬರಿಗೂ ಕೂದಲು ನರೆತ ಕಾಲದಲ್ಲಿ ಒಂದು ಔಷಧ ಕಂಪನಿ ತಂಗಿಯ ಬಳಿ ಬಂತು. ಕೊಬ್ಬಿನಿಂದ ಕೆಟ್ಟ ಲಿವರಿನಲ್ಲಿ ಕ್ರಮೇಣ ಗಾಯದ ಕಲೆಯಂತೆ ಗಟ್ಟಿ ನಾರು ಬೆಳೆಯುತ್ತದೆ. ಆ ನಾರನ್ನು ಕರಗಿಸಬಹುದೆನ್ನುವ ಮಾತ್ರೆಯೊಂದನ್ನು ಅವರು ತಯಾರಿಸಿದ್ದರು. ಅದನ್ನು ರೋಗಿಗಳಿಗೆ ಕೊಟ್ಟು ಪರೀಕ್ಷಿಸುವ ಹೊಣೆ ತಂಗಿಯದು. ರೋಗಿಗಳಲ್ಲಿ ಅರ್ಧ ಮಂದಿಗೆ ನಿಜವಾದ ಮಾತ್ರೆ, ಇನ್ನರ್ಧಕ್ಕೆ ನೋಡಲು ಹಾಗೇ ಇರುವ ಬರೀ ಹಿಟ್ಟಿನ ಮಾತ್ರೆ. ಮೊದಲೊಮ್ಮೆ, ಕೊನೆಗೊಮ್ಮೆ ಲಿವರಿನ ಚೂರು ತೆಗೆದು ಹೋಲಿಸಬೇಕು. ಚೂರುಗಳನ್ನು ನೋಡುವವನಿಗೆ ಯಾವುದು ಯಾರದ್ದು, ಯಾವುದು ಮೊದಲಿನದು, ಯಾವುದು ಆಮೇಲಿನದು ಒಂದೂ ಗೊತ್ತಿರಬಾರದು. ಗಾಜಿನ ಮೇಲೆ ಒಂದು ಗುಪ್ತ ಸಂಖ್ಯೆ, ಅಷ್ಟೇ.

ತಂಗಿ ಅಣ್ಣನ ಕೋಣೆಗೆ ಬಂದು, ಸ್ಟೂಲು ಎಳೆದುಕೊಂಡು ಕೂತಳು. "ನೀನು ನೋಡಿಕೊಡ್ತೀಯಾ?"

"ಬೇರೆ ಯಾರೂ ಸಿಗಲಿಲ್ವಾ?"

"ಸಿಗ್ತಾರೆ. ನಿನ್ನಷ್ಟು ಹಟಮಾರಿ ಸಿಗಲ್ಲ."

ಒಲ್ಲೆ ಎಂದರೆ ಹೊಟ್ಟೆಕಿಚ್ಚು ಬಯಲಾಗುತ್ತದೆ ಎಂದು ಹೆದರಿ ಅವನು ಒಪ್ಪಿಕೊಂಡ.

ಎಲ್ಲ ರೋಗಿಗಳ ಚೂರುಗಳು ಬಂದು ಸೇರುವ ಹೊತ್ತಿಗೆ ವರ್ಷಗಳೇ ಕಳೆದವು, ಆಮೇಲೆ ಗಾಜು ನೋಡುವ ಕೆಲಸ ಎರಡು ಚಳಿಗಾಲ ನಡೆಯಿತು. ಆಶ್ಚರ್ಯವೆಂದರೆ ಅಷ್ಟು ನೆಮ್ಮದಿಯ ದಿನಗಳನ್ನು ಅವನು ಕಂಡೇ ಇರಲಿಲ್ಲ. ಬೆಳಿಗ್ಗೆ ಕಿಟಕಿಯ ಪರದೆ ಎಳೆದು ಕೂತರೆ ಗುಲಾಬಿ ನೆಲದ ನಡುವೆ ನೀಲಿಯಾಗಿ ಹೊಳೆಯುವ ನಾರಿನ ಎಳೆಗಳು. ಕೆಲವು ಜೇಡನ ಬಲೆಯಷ್ಟು ನವಿರು, ಕೆಲವು ಒಂದು ದ್ವೀಪದಿಂದ ಇನ್ನೊಂದಕ್ಕೆ ಕಟ್ಟಿದ ಸೇತುವೆಯಷ್ಟು ದಪ್ಪ. ಎಷ್ಟು ನಾರು ಎಂದು ದರ್ಜೆ ಕೊಡಬೇಕು. ಅನುಮಾನ ಬಂದರೆ ಪಕ್ಕಕ್ಕಿಟ್ಟು, ಮರುದಿನ ಹೊಸ ಕಣ್ಣಿನಿಂದ ಮತ್ತೆ ನೋಡುತ್ತಿದ್ದ. ಒಮ್ಮೊಮ್ಮೆ, ಇವೆಲ್ಲ ಕೆಟ್ಟದಾಗಿಯೇ ಇರಲಿ, ತಂಗಿಯ ಮಾತ್ರೆ ಮಣ್ಣುಮುಕ್ಕಲಿ ಎಂದು ಮನಸ್ಸು ಪಿಸುಗುಡುತ್ತಿತ್ತು. ಆದರೆ ಕೆಡಿಸಬೇಕೆಂದರೂ ಯಾವುದನ್ನು ಕೆಡಿಸುವುದು? ಹಿಟ್ಟು ತಿಂದವನ ಚೂರಿಗೆ ಕೆಟ್ಟ ದರ್ಜೆ ಕೊಟ್ಟರೆ ತಂಗಿಗೇ ಲಾಭ. ಹೊಟ್ಟೆಕಿಚ್ಚಿಗೆ ಕೈ ಹಾಕಲು ಹಿಡಿಯೇ ಇರಲಿಲ್ಲ. ಕೈಲಾಗದೆ ಶುರುವಾದ ಪ್ರಾಮಾಣಿಕತೆ ಹದಿನೈದು ದಿನಗಳಲ್ಲೇ ಚಟವಾಯಿತು. ಒಂದು ಸಂಜೆ ಹೆಂಡತಿ ಡಬ್ಬಿ ತೆರೆದು, ತಳ ಕಂಡು, "ಏನ್ರೀ ಇದು, ತೊಳೆದಿಟ್ಟ ಹಾಗಿದೆ!" ಎಂದಳು.

ಗುಪ್ತ ಸಂಖ್ಯೆಗಳನ್ನು ಬಿಚ್ಚುವ ದಿನ ಬಂತು. ಉದ್ದನೆ ಮೇಜು, ನೀರಿನ ಬಾಟಲಿಗಳು, ಕಂಪನಿಯ ವೈದ್ಯಾಧಿಕಾರಿ, ಅವರ ಕಡೆಯ ಇಬ್ಬರು, ಅಂಕಿಅಂಶ ನೋಡುವ ಒಬ್ಬ ಹೆಂಗಸು. ತಂಗಿ ಮೇಜಿನ ಆ ಬದಿ, ಅಣ್ಣ ಈ ಬದಿ. ಅಂಕಿಅಂಶದವರು ಕನ್ನಡಕ ಸರಿಮಾಡಿಕೊಂಡು, "ಎರಡು ಗುಂಪಿಗೂ ವ್ಯತ್ಯಾಸ ಇಲ್ಲ" ಎಂದರು. ಅವರೇ ಮತ್ತೆ, "ನಾರು ಕರಗಿಲ್ಲ. ಮಾತ್ರೆ ಒಂದೇ, ಹಿಟ್ಟು ಒಂದೇ" ಎಂದರು.

ಅಣ್ಣನ ಎದೆಯೊಳಗೆ ಏನೋ ತಣ್ಣಗೆ ಹರಿಯಿತು. ಬೇಸಿಗೆಯಲ್ಲಿ ಗಂಟಲಿಗಿಳಿದ ಮಜ್ಜಿಗೆಯ ಹಾಗೆ. ಮುಖದಲ್ಲಿ ಸ್ನಾಯುಗಳು ತಾವಾಗಿ ಅಲುಗಾಡಿದ್ದು ಅವನಿಗೆ ತಡವಾಗಿ ತಿಳಿಯಿತು. ತಾನು ಮುಗುಳ್ನಗುತ್ತಿದ್ದೇನೆ! ಗಾಬರಿಯಾಗಿ ತಲೆಯೆತ್ತಿದ. ತಂಗಿ ನೇರವಾಗಿ ಅವನನ್ನೇ ನೋಡುತ್ತಿದ್ದಳು.

ಹೊರಗೆ ಮೆಟ್ಟಿಲ ಬಳಿ ಅವಳು ಅವನನ್ನು ತಡೆದಳು. "ಖುಷಿಯಾಯ್ತಾ ಅಣ್ಣಾ?"

"ಏನ್ ಮಾತಾಡ್ತೀಯ ನೀನು..."

"ಸುಮ್ನೆ ಕೇಳಿದೆ. ಏಳು ವರ್ಷದ ಕೆಲಸ ಕಣೋ. ಅಷ್ಟೂ ಜನ ರೋಗಿಗಳು ಎರಡೆರಡು ಸಲ ಸೂಜಿ ಚುಚ್ಚಿಸಿಕೊಂಡ್ರು." ಅಷ್ಟು ಹೇಳಿ ಅವಳು ಮೆಟ್ಟಿಲಿಳಿದು ಹೋದಳು. ಅವತ್ತಿನಿಂದ ಮಾತು ನಿಂತಿತು. ಕಾರಿಡಾರಿನಲ್ಲಿ ಎದುರಾದರೆ ತಲೆಯಾಡಿಸುತ್ತಿದ್ದಳು, ಹೊರಗಿನವರಿಗೆ ಆಡಿಸುವ ಹಾಗೆ. ಅವನ ಹಸಿವು ಮತ್ತೆ ಸತ್ತಿತು, ಆದರೆ ಈ ಸಲದ ಕಾರಣವನ್ನು ಹೆಂಡತಿಗೂ ಹೇಳಲಾರದೆ ಹೋದ.

ಸ್ವಲ್ಪ ಕಾಲಕ್ಕೆ ಕಂಪನಿಯವರು ಇನ್ನೊಂದು ಸಭೆ ಕರೆದರು. ಅಣ್ಣನನ್ನೂ ಕರೆದಿದ್ದರು. ವೈದ್ಯಾಧಿಕಾರಿ ಮಾತನ್ನು ಬೆಣ್ಣೆ ಸವರಿ ಸವರಿ ಮುಂದಿಟ್ಟರು. ಫಲಿತಾಂಶ ಅನಿರೀಕ್ಷಿತ. ಚೂರುಗಳನ್ನು ಬೇರೆಯವರಿಂದ ನೋಡಿಸಿ, ಈಗಿನ ದರ್ಜೆಗಳನ್ನು ಕೈಬಿಡಬಹುದು. ಯಾಕೆಂದರೆ... ಇಲ್ಲಿ ಅವರು ಕೆಮ್ಮಿದರು. "ಕುಟುಂಬದ ವಿಷಯ, ತಪ್ಪು ತಿಳೀಬೇಡಿ. ಡಾಕ್ಟರಿಗೆ ಮೇಡಂ ಅವರ ಏಳಿಗೆ ಕಂಡರೆ ಅಷ್ಟಕ್ಕಷ್ಟೇ ಅಂತ ಈ ಆಸ್ಪತ್ರೇಲಿ ಎಲ್ರಿಗೂ ಗೊತ್ತಂತೆ. ಅಂಥವರ ಕೈಲಿ ದರ್ಜೆ ಕೊಡಿಸಿದ್ದು ನಮ್ಮದೇ ಅಜಾಗ್ರತೆ."

ಎಲ್ಲರಿಗೂ ಗೊತ್ತಂತೆ! ಅಣ್ಣನಿಗೆ ಕಿವಿಯಲ್ಲಿ ಗುಂಯ್ ಎಂದಿತು. ಜೀವಮಾನವಿಡೀ ನಕ್ಕು ನಕ್ಕು ಮುಚ್ಚಿಟ್ಟದ್ದು, ಡಬ್ಬಿ ತೊಳೆಯುವ ಹೆಂಡತಿಯೊಬ್ಬಳನ್ನು ಬಿಟ್ಟರೆ ಯಾರಿಗೂ ತಿಳಿಯದೆಂದು ನಂಬಿದ್ದು, ಆಸ್ಪತ್ರೆಯ ಲಿಫ್ಟಿನವನಿಗೂ ಗೊತ್ತಿತ್ತೆಂದಾಯಿತು. ಮೇಜಿನ ಮೇಲಿನ ಬಾಟಲಿಯ ಚೀಟಿಯನ್ನು ಉಗುರಿನಿಂದ ಕೀಳುತ್ತ ಅವನು ತಲೆತಗ್ಗಿಸಿದ. ತಂಗಿಗೆ ಈಗ ಹೂಂ ಎಂದರೆ ಸಾಕಿತ್ತು. ಅಣ್ಣನ ದರ್ಜೆಗಳು ಕಸದ ಬುಟ್ಟಿಗೆ. ಮಾತ್ರೆಗೆ ಇನ್ನೊಂದು ಅವಕಾಶ. ಅವನು ಮೆಟ್ಟಿಲ ಬಳಿಯ ಅವಳ ಮುಖ ನೆನೆದು, ಹೂಂ ಅಂತಾಳೆ, ಅನ್ನಲಿ, ನ್ಯಾಯವೇ, ಎಂದುಕೊಂಡ.

ತಂಗಿ ಪೆನ್ನಿನ ಮುಚ್ಚಳ ಹಾಕಿದಳು. "ನಮ್ಮಣ್ಣನಿಗೆ ನನ್ನ ಮೇಲೆ ಹೊಟ್ಟೆಕಿಚ್ಚಿದೆ, ನಿಜ. ಚಿಕ್ಕಂದಿನಿಂದ ಇದೆ. ನಿಮಗೆ ಈಗ ಗೊತ್ತಾಗಿದೆ, ನನಗೆ ಫ್ರಾಕ್ ಹಾಕೋ ಕಾಲದಿಂದ ಗೊತ್ತು." ಯಾರೋ ನಗಲು ಹೋಗಿ ನಿಲ್ಲಿಸಿಕೊಂಡರು. "ಅವನ ಹೊಟ್ಟೆಕಿಚ್ಚು ನನ್ನ ಮೇಲೆ. ಗಾಜಿನ ಮೇಲಲ್ಲ. ಯಾವ ಚೂರು ಯಾರದ್ದು ಅಂತ ಗೊತ್ತಿಲ್ದೆ ಅವನು ನನ್ನನ್ನ ಹೇಗೆ ಕೆಡಿಸ್ತಾನೆ, ಹೇಳಿ? ಬೇರೆಯವರಿಂದ ನೋಡಿಸಿ, ಬೇಡ ಅನ್ನಲ್ಲ. ಅವರ ದರ್ಜೆ ಪಕ್ಕದಲ್ಲಿ ಇವನದ್ದೂ ಅಚ್ಚಾಗಬೇಕು. ಒಂದನ್ನೂ ಕೈಬಿಡಕೂಡದು."

ವೈದ್ಯಾಧಿಕಾರಿ ಕೊಸರಾಡಿದರು. ಅವಳು ಜಪ್ಪಯ್ಯ ಎನ್ನಲಿಲ್ಲ. ಕೊನೆಗೆ ಬೇರೆ ಊರುಗಳ ಇಬ್ಬರು ತಜ್ಞರು, ಒಬ್ಬರಿಗೊಬ್ಬರು ಸಂಬಂಧವಿಲ್ಲದವರು, ಅಷ್ಟೂ ಗಾಜುಗಳನ್ನು ನೋಡಿದರು. ಅಲ್ಲೊಂದು ಇಲ್ಲೊಂದು ಬಿಟ್ಟರೆ ಅವರು ಕೊಟ್ಟದ್ದೂ ಅಣ್ಣನ ದರ್ಜೆಗಳನ್ನೇ. ಮಾತ್ರೆಯ ಕತೆ ಮುಗಿಯಿತು.

ಅವತ್ತು ಅವನೇ ತಂಗಿಯ ಕೋಣೆಗೆ ಹೋದ. ಬಾಗಿಲಲ್ಲಿ ನಿಂತು, "ಖುಷಿಯಾಗಿತ್ತು" ಎಂದ.

ಅವಳು ಕಂಪ್ಯೂಟರಿನಿಂದ ಕಣ್ಣು ತೆಗೆಯಲಿಲ್ಲ. "ಗೊತ್ತು. ನೋಡಿದ್ನಲ್ಲ."

"ಹೇಗೆ ಸಹಿಸ್ಕೊಂಡೆ?"

"ಸಹಿಸ್ಕೊಂಡಿಲ್ಲ. ಕೋಪ ಇನ್ನೂ ಇದೆ. ಒಂದು ತಿಂಗಳು ಬಿಟ್ಟು ಬಾ."

ಅವನು ಲೆಕ್ಕ ಹಾಕದೆ ಹತ್ತೇ ದಿನಕ್ಕೆ ಹೋದ. ಅವಳೂ ಲೆಕ್ಕ ಕೇಳಲಿಲ್ಲ. ಸ್ಟೂಲಿನ ಮೇಲಿದ್ದ ಪುಸ್ತಕಗಳನ್ನು ತೆಗೆದು ಕೆಳಗಿಟ್ಟಳು.

ಇಷ್ಟಕ್ಕೆ ಅವನ ಕಿಚ್ಚು ಆರಿತೆಂದು ಹೇಳಿದರೆ ಸುಳ್ಳಾಗುತ್ತದೆ. ಮಾತ್ರೆ ಕೆಲಸ ಮಾಡುವುದಿಲ್ಲ ಎಂದು ಮುಚ್ಚುಮರೆಯಿಲ್ಲದೆ ಬರೆದ ಆ ಪ್ರಬಂಧವೇ ತಂಗಿಗೆ ಹಿಂದಿನ ಎಲ್ಲಕ್ಕಿಂತ ಹೆಚ್ಚು ಹೆಸರು ತಂದಿತು. ಸಾವಿರಾರು ರೋಗಿಗಳು ಪ್ರಯೋಜನವಿಲ್ಲದ ಮಾತ್ರೆ ನುಂಗುವುದು ತಪ್ಪಿತೆಂದು ಊರೂರುಗಳಲ್ಲಿ ಭಾಷಣಕ್ಕೆ ಕರೆದರು. "ಅವಳು ಗೆದ್ರೂ ಹೊಗಳ್ತಾರೆ, ಸೋತ್ರೂ ಹೊಗಳ್ತಾರೆ. ನಾನು ಮೂವತ್ತು ವರ್ಷ ತಪ್ಪಿಲ್ದೆ ಬರೆದೆ, ಒಬ್ರೂ ಕೇಳಲಿಲ್ಲ" ಎಂದು ಅವನು ಹೆಂಡತಿಯ ಮುಂದೆ ಹಲುಬಿದ. ಬಚ್ಚಿಡಲು ಏನೂ ಉಳಿದಿರಲಿಲ್ಲವಾದ್ದರಿಂದ ಈಗ ತಂಗಿಯ ಮುಂದೆಯೂ ಹಲುಬುತ್ತಿದ್ದ. "ಉರೀತಿದೆ ಕಣೇ" ಎಂದರೆ, ಅವಳು "ಉರೀಲಿ, ಆ ಕೊನೇ ಪ್ಯಾರಾ ಓದು, ತಪ್ಪಿದ್ರೆ ಹೇಳು" ಎಂದು ಹಾಳೆ ಮುಂದೆ ತಳ್ಳುತ್ತಿದ್ದಳು. ಅವನು ಕೆಂಪು ಪೆನ್ನು ಹಿಡಿದು ತಪ್ಪು ಹುಡುಕುತ್ತಿದ್ದ. ಸಿಕ್ಕರೆ ಅವನಿಗೆ ಹಬ್ಬ.

ತಂಗಿ ಸಂಸ್ಥೆಯ ನಿರ್ದೇಶಕಿಯಾದ ವರ್ಷ ಅಮ್ಮನ ಕಣ್ಣಿಗೆ ಪೊರೆ ಬಂತು. "ಅವಳಿಗೆ ಪಾಪ ಪುರುಸೊತ್ತಿಲ್ಲ, ನೀನೇ ಕರ್ಕೊಂಡು ಹೋಗೋ" ಎಂದರು ಅಮ್ಮ. ಪುರುಸೊತ್ತಿಲ್ಲದಿರುವುದರ ಮೇಲೂ ಅವನಿಗೆ ಅಸೂಯೆಯಾಯಿತು. ಬೈದುಕೊಳ್ಳುತ್ತಲೇ ರಜೆ ಹಾಕಿ ಕರೆದುಕೊಂಡು ಹೋದ.

ಕಣ್ಣಾಸ್ಪತ್ರೆಯಲ್ಲಿ ಸಾಲಾಗಿ ಪ್ಲಾಸ್ಟಿಕ್ ಕುರ್ಚಿಗಳು. ಅಮ್ಮ ಪಕ್ಕದ ಮುದುಕಿಯ ಜೊತೆ ಆಗಲೇ ನಂಟು ಬೆಳೆಸಿದ್ದರು. ಮಗಳು ನಿರ್ದೇಶಕಿ, ಲಿವರ್ ವಿಷಯದಲ್ಲಿ ಅವಳ ಮಾತೇ ಕೊನೆ, ಪೇಪರಿನಲ್ಲೆಲ್ಲ ಫೋಟೋ. ಅಣ್ಣ ಗೋಡೆಯ ಮೇಲಿನ ಕಣ್ಣಿನ ಚಿತ್ರವನ್ನು ನೋಡುತ್ತ ಕೂತಿದ್ದ.

"ಇವರು?" ಮುದುಕಿ ಅವನತ್ತ ಗಲ್ಲ ಎತ್ತಿದಳು.

"ನನ್ನ ಮಗ."

"ಇವರೇನು ಮಾಡ್ತಾರೆ?"

ಅವನು ಕುರ್ಚಿಯಲ್ಲಿ ಬಿಗಿಯಾದ. ಈಗ ಬರುತ್ತದೆ, ಲಿವರ್ ಮೇಡಂ ಅವರ ಅಣ್ಣ.

ಅಮ್ಮ ಸ್ವಲ್ಪ ಯೋಚಿಸಿದರು. "ಅವಳು ಹೇಳಿದ್ದು ಸರಿಯೋ ತಪ್ಪೋ ಅಂತ ನೋಡಿ ಹೇಳೋನು ಇವನು" ಎಂದರು.

"ಹಾಗಾದ್ರೆ ಇವರೇ ದೊಡ್ಡೋರು ಅನ್ನಿ!"

"ವಯಸ್ಸಲ್ಲಿ ಹೌದು" ಎಂದರು ಅಮ್ಮ.

ಒಳಗಿಂದ ನರ್ಸ್ ಕರೆದಳು. "ಬಾಮ್ಮ, ಸಾಕು ಪುರಾಣ" ಎಂದು ಅವನು ಎದ್ದು, ಅಮ್ಮನ ಚೀಲ ಹೆಗಲಿಗೇರಿಸಿಕೊಂಡು, ಅವರು ಎಡವದ ಹಾಗೆ ಮೊಣಕೈ ಹಿಡಿದು ಒಳಗೆ ನಡೆಸಿಕೊಂಡು ಹೋದ.